ಹಡಗು ತಾನೇ ಹೇಳಿಕೊಳ್ಳುವ ಠಾವು

ಪಣಂಬೂರಿನ ಕಡಲತೀರದಲ್ಲಿ ನಿಂತು ಪಶ್ಚಿಮಕ್ಕೆ ದೃಷ್ಟಿ ಹಾಯಿಸಿದವರಿಗೆ, ನವಮಂಗಳೂರು ಬಂದರನ್ನು ಪ್ರವೇಶಿಸಲು ತಮ್ಮ ಸರದಿಯನ್ನು ಕಾಯುತ್ತ ಲಂಗರು ಹಾಕಿರುವ ಹಡಗುಗಳು ದಿಗಂತದ ಅಂಚಿನಲ್ಲಿ ಕಾಣಸಿಗುವುದುಂಟು. ಅವು ಯಾವ ದೇಶದ ಧ್ವಜವನ್ನು ಹೊತ್ತವು, ಎಲ್ಲಿಂದ ಬಂದವು, ಎಲ್ಲಿಗೆ ಹೊರಟವು ಎಂಬ ಸಂಗತಿಗಳು ಹಿಂದೆ ಬಂದರಿನ ಅಧಿಕಾರಿಗಳಿಗೂ ಹಡಗಿನ ಏಜೆಂಟರಿಗೂ ಮಾತ್ರ ಗೊತ್ತಿರುತ್ತಿದ್ದವು. ಈಗಲಾದರೋ ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು, ಅಂತರ್ಜಾಲದ ಭೂಪಟದ ಮೇಲೆ ಬಣ್ಣಬಣ್ಣದ ಬಾಣಗಳಾಗಿ ಹರಿದಾಡುವ ಸಹಸ್ರಾರು ನೌಕೆಗಳಲ್ಲಿ ಬೇಕಾದುದನ್ನು ಮುಟ್ಟಿ ಅದರ ಹೆಸರು, ಉದ್ದಗಲ, ವೇಗ, ದಿಕ್ಕುಗಳನ್ನು ಯಾರು ಬೇಕಾದರೂ ಅರಿಯಬಹುದು. ಹಡಗಿನ ಕೆಲಸಕ್ಕೆ ಹೋದ ಮಗ ಈ ಹೊತ್ತು ಯಾವ ಸಮುದ್ರದಲ್ಲಿರುವನೆಂದು ಕರಾವಳಿಯ ತಾಯಂದಿರು ಮನೆಯಲ್ಲೇ ಕುಳಿತು ನೋಡುವ ಕಾಲವಿದು.

ಇದನ್ನು ಕಂಡವರಿಗೆ ಆಕಾಶದಲ್ಲಿ ಯಾವುದೋ ಕಣ್ಣು ಕಡಲನ್ನೆಲ್ಲ ದಿಟ್ಟಿಸುತ್ತಿದೆಯೆಂಬ ಭಾವನೆ ಮೂಡುವುದು ಸಹಜ. ಆದರೆ ಈ ಭೂಪಟ ರಚಿತವಾಗುವುದು ಬಹುಮಟ್ಟಿಗೆ ಕಿವಿಯಿಂದ. ಎ.ಐ.ಎಸ್. ಎಂದು ನಾವಿಕರು ಕರೆಯುವ ಸ್ವಯಂಚಾಲಿತ ಗುರುತಿನ ಯಂತ್ರವೊಂದು ಪ್ರತಿಯೊಂದು ದೊಡ್ಡ ಹಡಗಿನಲ್ಲಿಯೂ ಇದ್ದು, ಜಿ.ಪಿ.ಎಸ್. ನೀಡಿದ ಅಕ್ಷಾಂಶ ರೇಖಾಂಶಗಳನ್ನು ತನ್ನ ಒಂಬತ್ತು ಅಂಕೆಗಳ ಗುರುತಿನ ಸಂಖ್ಯೆಯೊಡನೆ (ಭಾರತೀಯ ಹಡಗುಗಳದು 419 ಎಂದು ಆರಂಭವಾಗುತ್ತದೆ) ರೇಡಿಯೋ ತರಂಗಗಳ ಮೂಲಕ ಸಾರುತ್ತಲೇ ಇರುತ್ತದೆ. ಲಂಗರು ಹಾಕಿದ್ದಾಗ ಮೂರು ನಿಮಿಷಕ್ಕೊಮ್ಮೆ, ಸಾಗುತ್ತಿರುವಾಗ ವೇಗಾನುಸಾರ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ಈ ಘೋಷಣೆ ಹೊರಡುತ್ತದೆ. ಇರುಳಿನಲ್ಲಿ, ಮಂಜಿನಲ್ಲಿ ಹಡಗುಗಳು ಪರಸ್ಪರ ಢಿಕ್ಕಿ ಹೊಡೆಯದಿರಲೆಂಬುದೇ ಇದರ ಮೂಲೋದ್ದೇಶ. ಅಂತರರಾಷ್ಟ್ರೀಯ ಯಾನ ಮಾಡುವ, 300 ಟನ್ನೇಜು ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳೆಲ್ಲವೂ 2004ರ ಅಂತ್ಯದೊಳಗಾಗಿ ಇದನ್ನು ಅಳವಡಿಸಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ವಿಧಿಸಿದಾಗ, ಇದು ಮನೆಮನೆಯ ಕುತೂಹಲದ ವಸ್ತುವಾದೀತೆಂದು ಯಾರೂ ಭಾವಿಸಿರಲಾರರು.

ನೂರಾರು ಹಡಗುಗಳು 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡೇ ಕಂಪನಾಂಕಗಳಲ್ಲಿ ಮಾತನಾಡಿದರೂ ಗದ್ದಲವಾಗದಿರುವುದು ಹೇಗೆಂಬುದು, ನನ್ನ ಮಟ್ಟಿಗೆ, ಈ ವ್ಯವಸ್ಥೆಯ ಅತ್ಯಂತ ರಮಣೀಯವಾದ ಅಂಶ. ಪ್ರತಿ ನಿಮಿಷವನ್ನೂ 2250 ಸೂಕ್ಷ್ಮ ಅವಧಿಗಳಾಗಿ ವಿಭಾಗಿಸಿದ್ದಾರೆ. ಹಡಗು ತನ್ನ ಪಾಲಿನ ಅವಧಿಯಲ್ಲಿ ತನ್ನ ಠಾವನ್ನು ಹೇಳುವಾಗಲೇ, ಮುಂದಿನ ಸಲ ತಾನು ಯಾವ ಅವಧಿಯಲ್ಲಿ ನುಡಿಯುವೆನೆಂಬುದನ್ನೂ ಹೇಳಿ ಮುಗಿಸುತ್ತದೆ, ಸುತ್ತಲಿನ ಹಡಗುಗಳು ಅದನ್ನು ಕೇಳಿಸಿಕೊಂಡು ಆ ಅವಧಿಯನ್ನು ಬಿಟ್ಟುಕೊಡುತ್ತವೆ. ಅಧ್ಯಕ್ಷನಿಲ್ಲದೆಯೂ ಶಿಸ್ತಿನಿಂದ ನಡೆಯುವ ಸಭೆಯಿದು.

ಸಮುದ್ರಸಭೆಯ ಈ ಮಾತನ್ನು ದಡದಲ್ಲಿ ನಿಂತು ಕೇಳುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಒಂದು ಆಂಟೆನಾ, ಒಂದು ಅಗ್ಗದ ರಿಸೀವರು, ಅಂತರ್ಜಾಲದ ಸಂಪರ್ಕ, ಇಷ್ಟೇ. ಗ್ರೀಸಿನ ಏಜಿಯನ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ದಿಮಿತ್ರಿಸ್ ಲೆಕ್ಕಾಸ್ ಅವರು 2007ರಲ್ಲಿ ಆರಂಭಿಸಿದ, ಇಂತಹ ಭೂಪಟದ ಜಾಲತಾಣವಾದ ಮೆರೈನ್‌ಟ್ರಾಫಿಕ್ ಬೆಳೆದದ್ದು, ಲೋಕದ ನಾನಾ ತೀರಗಳಲ್ಲಿ ತಮ್ಮ ಮನೆಯ ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ ಕೇಳಿದ್ದನ್ನು ಹಂಚಿಕೊಂಡ ಹವ್ಯಾಸಿಗಳ ಔದಾರ್ಯದಿಂದ. ಆದರೆ ಈ ತರಂಗಗಳು ಹೆಚ್ಚುಕಡಮೆ ನೇರವಾಗಿ ಸಾಗತಕ್ಕವು, ಭೂಮಿಯೋ ಗುಂಡಗಿದೆ; 100 ಮೀಟರು ಎತ್ತರದಲ್ಲಿ ಆಂಟೆನಾ ನಿಲ್ಲಿಸಿದರೂ ದೊಡ್ಡ ಹಡಗಿನ ದನಿ ಸಾಮಾನ್ಯವಾಗಿ 60 ಕಿಲೋಮೀಟರಿನ ಆಸುಪಾಸಿನವರೆಗೆ ಮಾತ್ರ ಕೇಳಿಸೀತು. ಅದರಾಚೆ ಹೋದ ಹಡಗು ಭೂಪಟದಿಂದ ಮರೆಯಾಗುತ್ತಿತ್ತು.

ಈ ಕೊರತೆಯನ್ನು ನೀಗಿಸಲೆಂದು ಕಿವಿಯನ್ನು ಆಕಾಶಕ್ಕೇರಿಸಿದ ಪ್ರಯತ್ನಗಳಲ್ಲಿ ಒಂದು ನಮ್ಮ ಶ್ರೀಹರಿಕೋಟೆಯಿಂದಲೇ ನಡೆಯಿತು. 2010ರ ಜುಲೈ 12ರಂದು ಪಿ.ಎಸ್.ಎಲ್.ವಿ.-ಸಿ15 ವಾಹನವು ಹೊತ್ತೊಯ್ದ ಉಪಗ್ರಹಗಳಲ್ಲಿ, ಬೆಂಗಳೂರು ಹಾಗೂ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಿರ್ಮಿಸಿದ ಸ್ಟಡ್‌ಸ್ಯಾಟ್‌ನ ಜೊತೆಗೆ, ನಾರ್ವೆ ದೇಶದ ಎ.ಐ.ಎಸ್.ಸ್ಯಾಟ್-1 ಕೂಡ ಇದ್ದಿತು. ಇಪ್ಪತ್ತು ಸೆಂಟಿಮೀಟರಿನ ಘನಾಕಾರದ, ಆರು ಕಿಲೋಗ್ರಾಮಿನಷ್ಟು ತೂಕದ ಆ ಪುಟ್ಟ ಪೆಟ್ಟಿಗೆಯಿಂದ, ಉತ್ತರದ ಹಿಮಸಮುದ್ರಗಳಲ್ಲಿ ಸಂಚರಿಸುವ ಹಡಗುಗಳ ಮೇಲೆ ಗಮನವಿಡುವುದು ನಾರ್ವೆಗೆ ಸಾಧ್ಯವಾಯಿತು. ಎತ್ತರಕ್ಕೇರಿದ ಕಿವಿಗೆ ಹೊಸದೊಂದು ಸಂಕಟವೂ ಕಾದಿತ್ತು. ಸಾವಿರಾರು ಕಿಲೋಮೀಟರು ವಿಸ್ತಾರದ ಕಡಲು ಅದಕ್ಕೆ ಒಮ್ಮೆಲೇ ಕೇಳುವುದರಿಂದ, ಒಬ್ಬರ ದನಿ ಒಬ್ಬರಿಗೆ ಕೇಳದಷ್ಟು ದೂರದಲ್ಲಿ, ತಂತಮ್ಮೊಳಗೆ ಶಿಸ್ತಿನಿಂದಲೇ ನಡೆಯುತ್ತಿರುವ ಅನೇಕ ಸಭೆಗಳ ಮಾತು ಅದರ ಪಾಲಿಗೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಆದುದರಿಂದಲೇ ನಿರ್ಜನವಾದ ಮಹಾಸಾಗರದ ಒಂಟಿ ಹಡಗನ್ನು ಗುರುತಿಸುವುದು ಉಪಗ್ರಹಕ್ಕೆ ಸುಲಭ, ಚೀನಾದ ತೀರದಂತಹ ಜನನಿಬಿಡ ಕಡಲಿನಲ್ಲಿ ಅದೇ ಕೆಲಸ ದುಸ್ಸಾಧ್ಯ. ಅಲ್ಲಿ ದಡದ ಕಿವಿಯೇ ಲೇಸು.

ಇಷ್ಟಾದರೂ ದಡವಾಗಲಿ ಉಪಗ್ರಹವಾಗಲಿ ಕೇಳುವುದು ಹಡಗು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಮಾತ್ರ. ಗಮ್ಯಸ್ಥಾನವೆಂಬ ಅಂಕಣವನ್ನು ತುಂಬುವವನು ಹಡಗಿನ ಅಧಿಕಾರಿ. ಅಲ್ಲಿರುವುದು ಇಪ್ಪತ್ತು ಅಕ್ಷರಗಳಿಗಷ್ಟೇ ಎಡೆ. ಹೊಸ ಯಾತ್ರೆ ಹೊರಟು ದಿನಗಳಾದರೂ ಹಳೆಯ ಬಂದರಿನ ಹೆಸರೇ ಅಲ್ಲಿ ಉಳಿದಿರುವುದು ಅಪರೂಪವಲ್ಲ. ಸೊಮಾಲಿಯಾದ ಕಡಲ್ಗಳ್ಳರ ಹಾವಳಿಯ ದಿನಗಳಲ್ಲಿ ಕೆಲವು ಹಡಗುಗಳು ಬಂದರಿನ ಹೆಸರಿಗೆ ಬದಲಾಗಿ ‘ಶಸ್ತ್ರಸಜ್ಜಿತ ಕಾವಲುಗಾರರಿದ್ದಾರೆ’ ಎಂದು ಬರೆದವು. 2024ರಲ್ಲಿ ಕೆಂಪು ಸಮುದ್ರವನ್ನು ಹಾಯುವಾಗ, ಯೆಮೆನಿನ ಹೂತಿ ಬಂಡುಕೋರರ ಕ್ಷಿಪಣಿಗೆ ಅಂಜಿ ‘ನಾವಿಕರೆಲ್ಲರೂ ಚೀನೀಯರು’ ಎಂದು ಸಾರಿದ ಹಡಗುಗಳೂ ಇದ್ದವು. ವಿಳಾಸದ ಅಂಕಣ ಪ್ರಾಣಭಿಕ್ಷೆಯ ಪತ್ರವಾಯಿತು.

ಅಪಾಯವಿದೆಯೆಂದು ತೋರಿದಲ್ಲಿ ಯಂತ್ರವನ್ನು ನಂದಿಸಲು ಕಪ್ತಾನನಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಅವಕಾಶವಿತ್ತಿವೆ. ಕದ್ದು ಮೀನು ಹಿಡಿಯುವವರೂ, ನಿರ್ಬಂಧಿತ ತೈಲವನ್ನು ಸಾಗಿಸುವವರೂ ಅದೇ ಮೌನವನ್ನು ಆಶ್ರಯಿಸುತ್ತಾರೆ. ಮೌನಕ್ಕಿಂತ ಸುಳ್ಳು ಹೆಚ್ಚು ಕುಟಿಲವಾದುದು. 2021ರ ಜೂನಿನಲ್ಲಿ ಬ್ರಿಟನ್ನಿನ ಡಿಫೆಂಡರ್ ಎಂಬ ಯುದ್ಧನೌಕೆ ಒಡೆಸಾ ಬಂದರಿನಲ್ಲಿ ನಿಂತಿದ್ದ ರಾತ್ರಿ, ಅಂತರ್ಜಾಲದ ಭೂಪಟದಲ್ಲಿ ಮಾತ್ರ ಅದು ರಷ್ಯದ ನೌಕಾನೆಲೆಯಾದ ಸೆವಾಸ್ಟೊಪೋಲಿನತ್ತ ಸಾಗುತ್ತಿದ್ದುದು ಕಾಣಿಸಿತು. ಬಂದರಿನ ಸಾರ್ವಜನಿಕ ಕ್ಯಾಮರಾ ನಿಜವನ್ನು ತೋರಿಸದಿದ್ದಲ್ಲಿ ನಂಬಿದವರೇ ಹೆಚ್ಚಾಗುತ್ತಿದ್ದರು. ಹೀಗಾಗಿ ರೇಡಾರ್ ಉಪಗ್ರಹಗಳು ತೆಗೆದ ಚಿತ್ರದಲ್ಲಿ ಕಂಡ ಹಡಗುಗಳನ್ನು, ಮಾತನಾಡಿದ ಹಡಗುಗಳ ಪಟ್ಟಿಯೊಡನೆ ತಾಳೆ ನೋಡಿ ಮೂಕವಾಗಿರುವವನ್ನು ಬೇರ್ಪಡಿಸುವುದು ಈಗಿನ ತಜ್ಞರ ಕ್ರಮ.

ನಮ್ಮ ಮಲ್ಪೆ, ಗಂಗೊಳ್ಳಿ, ತದಡಿಗಳಿಂದ ಹೊರಡುವ ದೋಣಿಗಳಲ್ಲಿ ಬಹುಪಾಲು ಈ ಭೂಪಟದಲ್ಲಿ ಕಾಣದಿರುವುದಕ್ಕೆ ಕಪಟ ಕಾರಣವಲ್ಲ. ಸಣ್ಣ ದೋಣಿಗಳಿಗೆ ಎ.ಐ.ಎಸ್. ಯಂತ್ರ ಕಡ್ಡಾಯವೇ ಅಲ್ಲ, ಮೊಬೈಲಿನ ಸಂಕೇತವಂತೂ ದಡದಿಂದ ಸ್ವಲ್ಪ ದೂರ ಹೋದೊಡನೆ ಕಡಿದುಹೋಗುವಂಥದು. ಇಸ್ರೋ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕವೇ ಮಾತನಾಡುವ ಟ್ರಾನ್ಸ್‌ಪಾಂಡರುಗಳನ್ನು ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಚಿತವಾಗಿ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ದೊರೆತಿದೆ. ಎ.ಐ.ಎಸ್. ಮುಖ್ಯವಾಗಿ ಸಾರುವ ಯಂತ್ರವಾದರೆ ಇದು ದಡದ ಮಾತನ್ನು ದೋಣಿಗೂ ಮುಟ್ಟಿಸತಕ್ಕುದು. ಚಂಡಮಾರುತದ ಮುನ್ಸೂಚನೆ ಬಂದಾಗ, ಬಲೆ ಎಳೆದುಕೊಂಡು ಹಿಂದಿರುಗುವಷ್ಟು ಮುಂಚಿತವಾಗಿ ದೋಣಿಯ ಮುಖ್ಯಸ್ಥನಾದ ತಂಡೇಲನಿಗೆ ಅದು ತಿಳಿಯಬೇಕೆಂಬುದು ಇದರ ಉದ್ದೇಶಗಳಲ್ಲೊಂದು.