ಡೇಟಾಬೇಸ್ ಅಳವಡಿಕೆಗೆ ಮುನ್ನ ಗಣಕಯಂತ್ರದ ಸಿದ್ಧತೆ

ಸಗಟು ಮಳಿಗೆಯ ಬಿಲ್ಲು, ಗೋದಾಮಿನ ದಾಸ್ತಾನು, ಗಿರಾಕಿಗಳ ಬಾಕಿ, ಜಿಎಸ್‌ಟಿ ವಿವರ ಇವೆಲ್ಲವೂ ಇಂದು ಒಂದೇ ಗಣಕಯಂತ್ರದ ಡೇಟಾಬೇಸಿನಲ್ಲಿ ಶೇಖರವಾಗುತ್ತಿವೆ. ಬಿಲ್ಲಿಂಗ್ ತಂತ್ರಾಂಶ ಕೊಳ್ಳುವಾಗ ಅದರ ಬೆಲೆಯನ್ನೂ ಅನುಕೂಲಗಳನ್ನೂ ವಿಚಾರಿಸುವ ವ್ಯಾಪಾರಸ್ಥರು, ಅದರ ತಳಹದಿಯಾದ ಡೇಟಾಬೇಸ್ ತಂತ್ರಾಂಶದ ಬಗ್ಗೆ ಕೇಳುವುದು ವಿರಳ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. 2013ರ ಕಂಪನಿ ಕಾಯ್ದೆಯಂತೆ ಕಂಪನಿಗಳು 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಇಟ್ಟಿರಬೇಕು. ಇಷ್ಟು ದೀರ್ಘಕಾಲದ ಲೆಕ್ಕವನ್ನು ಹೊರುವ ಯಂತ್ರದ ಸಿದ್ಧತೆಗೆ ಒಂದು ದಿನವನ್ನು ಮೀಸಲಿಡುವುದು ವಿವೇಕದ ಕ್ರಮ.

2003ರ ಪಾಠ

2003ರ ಜನವರಿ 25ರಂದು ಹರಡಿದ 'ಸ್ಲ್ಯಾಮರ್' ಎಂಬ ಕುತಂತ್ರಾಂಶವು ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ 2000ರಲ್ಲಿದ್ದ ದೋಷವೊಂದನ್ನು ಬಳಸಿಕೊಂಡು ಕನಿಷ್ಠ 75,000 ಯಂತ್ರಗಳನ್ನು ಹೊಕ್ಕಿತು. ಬಹುಪಾಲು ಯಂತ್ರಗಳು ಮೊದಲ 10 ನಿಮಿಷಗಳಲ್ಲೇ ತುತ್ತಾದವು. ದೋಷ ಸರಿಪಡಿಸುವ ಪರಿಷ್ಕರಣೆ 2002ರ ಜುಲೈನಲ್ಲೇ ಬಿಡುಗಡೆಯಾಗಿದ್ದರೂ ಅನೇಕರು ಅದನ್ನು ಹಾಕಿಕೊಂಡಿರಲಿಲ್ಲ. ಅದೇ ಡೇಟಾಬೇಸಿನ ಉಚಿತ ಕಿರುರೂಪವು ಬೇರೆ ತಂತ್ರಾಂಶಗಳ ಜೊತೆ ತಾನಾಗಿ ಅಳವಡಿಕೆಯಾಗುತ್ತಿದ್ದುದರಿಂದ, ತಮ್ಮ ಯಂತ್ರದಲ್ಲಿ ಡೇಟಾಬೇಸ್ ಇದೆಯೆಂಬುದೇ ಎಷ್ಟೋ ಮಾಲೀಕರಿಗೆ ತಿಳಿದಿರಲಿಲ್ಲ. ಆದಕಾರಣ ತಂತ್ರಾಂಶದೊಡನೆ ಯಾವ ಡೇಟಾಬೇಸ್, ಯಾವ ಆವೃತ್ತಿ ಬರುತ್ತದೆ ಎಂಬುದನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯುವುದು ಮೊದಲ ಕೆಲಸ.

ಯಂತ್ರದ ಅರ್ಹತೆ

ಸಣ್ಣ ಉದ್ದಿಮೆಗಳಿಗೆ ಒದಗುವ ಎಸ್‌ಕ್ಯುಎಲ್ ಸರ್ವರ್ 2022 ಎಕ್ಸ್‌ಪ್ರೆಸ್ ಆವೃತ್ತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಉಚಿತ, ಆದರೆ ಒಂದು ಡೇಟಾಬೇಸಿನ ಗಾತ್ರ 10 ಜಿಬಿ ಮೀರುವಂತಿಲ್ಲ. 64 ಬಿಟ್ ಯಂತ್ರ, 1.4 ಗಿಗಾಹರ್ಟ್ಸ್ ಪ್ರೊಸೆಸರ್ ಹಾಗೂ 6 ಜಿಬಿ ಖಾಲಿ ಸ್ಥಳ ಕನಿಷ್ಠ ಅಗತ್ಯಗಳು. ದತ್ತಾಂಶ ಬೆಳೆಯಲು ಬೇಕಾದ ಸ್ಥಳ ಇದರಲ್ಲಿ ಸೇರಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಅಳವಡಿಕೆಗೆ ವಿಂಡೋಸ್ 11 ಸೂಕ್ತ.

ಇಲ್ಲಿ ಒಂದು ತೊಡಕಿದೆ. ಕೆಲವು ಹೊಸ ಮಾದರಿಯ ಡಿಸ್ಕುಗಳು ವಿಂಡೋಸ್ 11ರಲ್ಲಿ 4 ಕೆಬಿಗಿಂತ ದೊಡ್ಡ ಸೆಕ್ಟರ್ ಗಾತ್ರವನ್ನು ತೋರಿಸುತ್ತವೆ. ಎಸ್‌ಕ್ಯುಎಲ್ ಸರ್ವರ್ ಒಪ್ಪುವುದು 512 ಬೈಟ್ ಅಥವಾ 4 ಕೆಬಿಯನ್ನು ಮಾತ್ರ. ಹೊಸ ಯಂತ್ರ ಕೊಂಡ ಕೂಡಲೇ ತಂತ್ರಜ್ಞರಿಂದ ಇದನ್ನು ಪರೀಕ್ಷಿಸಿದರೆ, ಅಳವಡಿಕೆ ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ. ಡೇಟಾಬೇಸ್ ಇರುವ ಡ್ರೈವನ್ನು ಸಂಕುಚಿತಗೊಳಿಸಿರಬಾರದು. ವಿಂಡೋಸ್ ಪರಿಷ್ಕರಣೆಗಳನ್ನು ಮೊದಲೇ ಮುಗಿಸಿ, ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡಿ, ಆ ನಂತರವೇ ಆರಂಭಿಸಬೇಕು. ಮರುಚಾಲನೆ ಬಾಕಿಯಿದ್ದರೆ ಅಳವಡಿಕೆ ಮುಂದುವರಿಯದು.

ಹೆಸರು, ದಿನಾಂಕ, ಭಾಷೆ

ಯಂತ್ರಕ್ಕೆ ಶಾಶ್ವತವಾದ ಹೆಸರನ್ನು ಅಳವಡಿಕೆಗೆ ಮೊದಲೇ ಇಡಬೇಕು. ಕೌಂಟರಿನ ಇತರ ಯಂತ್ರಗಳು ಈ ಹೆಸರಿನಿಂದಲೇ ಡೇಟಾಬೇಸನ್ನು ಹುಡುಕುತ್ತವೆ. ಮುಂದೆ ಬದಲಿಸಿದರೆ ಎಲ್ಲ ಕಡೆಯೂ ಸಂಪರ್ಕ ಕಡಿಯುತ್ತದೆ. ದಿನಾಂಕದ ಕ್ರಮ ದಿನ, ತಿಂಗಳು, ವರ್ಷ ಎಂದಿರಲಿ. ಇಲ್ಲವಾದರೆ ಮಾರ್ಚ್ 4ರ ಬಿಲ್ಲು ಏಪ್ರಿಲ್ 3ಕ್ಕೆ ಸೇರಿ, ಬೇರೆ ಹಣಕಾಸು ವರ್ಷಕ್ಕೇ ಹೋಗುವ ಸಂಭವವಿದೆ. ಗಿರಾಕಿಗಳ ಹೆಸರನ್ನು ಕನ್ನಡದಲ್ಲಿ ದಾಖಲಿಸುವವರು ತಂತ್ರಾಂಶದ ಅಂಕಣಗಳು ಯೂನಿಕೋಡ್ ಸ್ವರೂಪದಲ್ಲಿವೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದಲ್ಲಿ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿಯುತ್ತವೆ. ಹೀಗೆ ಕಳೆದುಹೋದ ಹೆಸರನ್ನು ಆ ದಾಖಲೆಯಿಂದಲೇ ಮರಳಿ ಪಡೆಯಲಾಗದು.

ರಕ್ಷಣೆ ಮತ್ತು ವಿದ್ಯುತ್

ಡೇಟಾಬೇಸಿನ ಮುಖ್ಯ ಗುಪ್ತಪದವನ್ನು ಮಾಲೀಕರೇ ನಿಗದಿಪಡಿಸಿ, ಬರೆದು ಭದ್ರವಾಗಿಡಬೇಕು. ಅಳವಡಿಸಲು ಬಂದವರ ನೆನಪಿಗೆ ಬಿಡಬಾರದು. ಎಸ್‌ಕ್ಯುಎಲ್ ಸರ್ವರ್ ಸಾಮಾನ್ಯವಾಗಿ ಬಳಸುವ 1433ನೇ ಪೋರ್ಟನ್ನು ಮಳಿಗೆಯ ಒಳಜಾಲಕ್ಕೆ ಮಾತ್ರ ತೆರೆಯಬೇಕು, ಅಂತರಜಾಲಕ್ಕಲ್ಲ. ವಿದ್ಯುತ್ ಹಠಾತ್ತನೆ ಹೋದಾಗ ಬರೆಯುತ್ತಿದ್ದ ಕಡತ ಕೆಡುವ ಅಪಾಯವಿರುವುದರಿಂದ ಯುಪಿಎಸ್ ಅತ್ಯವಶ್ಯಕ. ಬ್ಯಾಟರಿ ಮುಗಿಯುವ ಮುನ್ನ ಯಂತ್ರವನ್ನು ತಾನಾಗಿ ಸ್ಥಗಿತಗೊಳಿಸುವ ಏರ್ಪಾಡೂ ಇರಲಿ.

ಮರಳಿ ಪಡೆಯುವ ಪರೀಕ್ಷೆ

ಒಂದೇ ಡಿಸ್ಕಿನ ಸಿ ಮತ್ತು ಡಿ ಭಾಗಗಳು ಎರಡು ಡಿಸ್ಕುಗಳಲ್ಲ. ಡಿಸ್ಕ್ ಕೆಟ್ಟರೆ ಮೂಲವೂ ನಕಲೂ ಒಟ್ಟಿಗೆ ಹೋಗುತ್ತವೆ. ದಿನದ ನಕಲು ಬೇರೆ ಡಿಸ್ಕಿಗೆ, ವಾರದ ನಕಲು ಮಳಿಗೆಯ ಹೊರಗೆ ಹೋಗಬೇಕು. ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ನಿಗದಿತ ವೇಳೆಗೆ ನಕಲು ತೆಗೆಯುವ ಏಜೆಂಟ್ ಸೇವೆ ಇಲ್ಲದ ಕಾರಣ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ಆ ವ್ಯವಸ್ಥೆ ಮಾಡಿಸಿಕೊಳ್ಳಬೇಕಾಗುತ್ತದೆ. ತೆಗೆದ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ಹಿಂದಿನ ದಿನದ ಕೊನೆಯ ಬಿಲ್ಲು ಕಾಣುವುದೇ ಎಂದು ನೋಡಬೇಕು. ಈ ಪರೀಕ್ಷೆ ಯಶಸ್ವಿಯಾದ ನಂತರವೇ ಅಳವಡಿಕೆ ಪೂರ್ಣವಾಯಿತೆಂದು ಭಾವಿಸಿ, ತಂತ್ರಜ್ಞರಿಗೆ ಕೊನೆಯ ಕಂತನ್ನು ಪಾವತಿಸುವುದು ಉಚಿತ.