ಪದಕದ ಮೇಲೆ 1880 ಅಂತ ಇದ್ದರೆ ಅದು 1880ರದ್ದೇ?

ಹಳೇ ನಾಣ್ಯ ಕೂಡಿಸುವವರ ಡಬ್ಬಿಯಲ್ಲಿ ಒಮ್ಮೊಮ್ಮೆ ನಾಣ್ಯವಲ್ಲದ ಬಿಲ್ಲೆಯೊಂದು ಸಿಗುತ್ತದೆ. ಮೇಲ್ಗಡೆ ದಾರ ಪೋಣಿಸಲು ಬಳೆ. ಒಂದು ಬದಿಯಲ್ಲಿ ಗಡ್ಡದ ಸನ್ಯಾಸಿ, ಇನ್ನೊಂದು ಬದಿಯಲ್ಲಿ ಶಿಲುಬೆ, ಅದರ ಮೇಲೂ ಸುತ್ತಲೂ ಬಿಡಿಬಿಡಿ ರೋಮನ್ ಅಕ್ಷರಗಳು. ಕೂಡಿಸಿ ಓದಿದರೆ ಒಂದು ಪದವೂ ಆಗುವುದಿಲ್ಲ. ಗುಪ್ತಲಿಪಿ ಇರಬೇಕು ಅಂತ ಊಹೆ ಶುರುವಾಗುವುದು ಇಲ್ಲೇ. ಇದು ಗುಪ್ತಲಿಪಿಯಲ್ಲ. ಲ್ಯಾಟಿನ್ ಪದಗಳ ಮೊದಲಕ್ಷರಗಳು ಅಷ್ಟೆ. ಪದಕ ಸಂತ ಬೆನೆಡಿಕ್ಟರದು, ಕ್ರಿ.ಶ. 480ರ ಸುಮಾರಿಗೆ ಇಟಲಿಯ ನುರ್ಸಿಯಾದಲ್ಲಿ ಹುಟ್ಟಿ, ಮೊಂತೆ ಕಸಿನೋ ಬೆಟ್ಟದ ಮೇಲೆ ಮಠ ಕಟ್ಟಿದವರು.

ಮೊದಲು ಚಿತ್ರದ ಬದಿ ನೋಡಿ. ಸಂತರ ಬಲಗೈಯಲ್ಲಿ ಶಿಲುಬೆ, ಎಡಗೈಯಲ್ಲಿ ಅವರು ಬರೆದ ಮಠನಿಯಮಗಳ ಪುಸ್ತಕ. ಅಕ್ಕಪಕ್ಕದ ಪೀಠಗಳಲ್ಲಿ ಒಂದರ ಮೇಲೆ ಒಡೆದ ಬಟ್ಟಲು, ಇನ್ನೊಂದರ ಹತ್ತಿರ ಒಂದು ಹಕ್ಕಿ. ಹಕ್ಕಿಯನ್ನು ಪಾರಿವಾಳ ಅಂದುಕೊಳ್ಳುವವರು ಬಹಳ. ಅದು ಕಾಗೆಯ ಜಾತಿಯ ರೇವನ್. ಬೆನೆಡಿಕ್ಟರಿಗೆ ವಿಷ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಅವರು ಶಿಲುಬೆಯ ಗುರುತು ಮಾಡಿದೊಡನೆ ಪಾತ್ರೆ ಒಡೆಯಿತು, ವಿಷದ ರೊಟ್ಟಿಯನ್ನು ಹಕ್ಕಿ ಕಚ್ಚಿಕೊಂಡು ಹೋಯಿತು ಅನ್ನುವ ಎರಡು ಕಥೆಗಳು ಇಲ್ಲಿವೆ.

ಈಗ ಹಿಂಬದಿ. ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಸಿ, ಎಸ್, ಪಿ, ಬಿ: ಕ್ರುಕ್ಸ್ ಸಾಂಕ್ತಿ ಪಾತ್ರಿಸ್ ಬೆನೆದಿಕ್ತಿ, ಅಂದರೆ ಸಂತ ಪಿತೃ ಬೆನೆಡಿಕ್ಟರ ಶಿಲುಬೆ. ಶಿಲುಬೆಯ ಮೇಲೆ ಉದ್ದಕ್ಕೆ ಐದು, ಅಡ್ಡಕ್ಕೆ ಐದು ಅಕ್ಷರ. ಎಣಿಸಿದರೆ ಒಂಬತ್ತೇ ಸಿಗುತ್ತವೆ, ಯಾಕೆಂದರೆ ನಡುವಿನ ಎಸ್ ಎರಡೂ ಸಾಲಿಗೆ ಸೇರಿದ್ದು. ಪವಿತ್ರ ಶಿಲುಬೆ ನನಗೆ ಬೆಳಕಾಗಲಿ, ಘಟಸರ್ಪ ನನಗೆ ದಾರಿ ತೋರದಿರಲಿ ಅನ್ನುವುದು ಆ ಎರಡು ಸಾಲಿನ ತಾತ್ಪರ್ಯ. ಅಂಚಿನ ಹದಿನಾಲ್ಕು ಅಕ್ಷರಗಳು ಸೈತಾನನಿಗೇ ಹೇಳಿದ್ದು: ತೊಲಗು, ನೀನು ಕೊಡುವುದು ಕೆಟ್ಟದ್ದು, ನಿನ್ನ ವಿಷ ನೀನೇ ಕುಡಿ. ಮುಂಬದಿಯ ಬಟ್ಟಲು ಯಾಕಿದೆ ಅನ್ನುವುದೂ ಈಗ ತಿಳಿಯುತ್ತದೆ. ನಮ್ಮ ದಾನಶಾಸನಗಳ ಕೊನೆಯ ಶಾಪವಾಕ್ಯ ದಾನಕ್ಕೆ ಅಳುಪಿದವನನ್ನು ಕುರಿತದ್ದು. ಇಲ್ಲಿಯ ಮಾತು ನೇರ ಸೈತಾನನ ಮುಖಕ್ಕೆ.

ಈ ಅಕ್ಷರಗಳ ಅರ್ಥ ಒಂದು ಕಾಲಕ್ಕೆ ಮಠದವರಿಗೇ ಮರೆತುಹೋಗಿತ್ತು. 1647ರಲ್ಲಿ ಜರ್ಮನಿಯ ಬವೇರಿಯಾದ ನಾಟರ್ನ್‌ಬರ್ಗ್‌ನಲ್ಲಿ ಮಾಟ ಮಾಡಿದರೆಂದು ಕೆಲವು ಹೆಂಗಸರ ವಿಚಾರಣೆ ನಡೆಯಿತು. ಶಿಲುಬೆಯ ರಕ್ಷೆ ಇರುವುದರಿಂದ ಮೆಟ್ಟೆನ್ ಮಠದ ಮೇಲೆ ನಮ್ಮ ಆಟ ನಡೆಯಲಿಲ್ಲ ಅಂತ ಅವರು ಹೇಳಿದರಂತೆ. (ಅಂಥ ವಿಚಾರಣೆಗಳಲ್ಲಿ ಹೇಳಿಕೆ ಹೇಗೆ ಹೊರಡಿಸುತ್ತಿದ್ದರು ಅನ್ನುವುದು ನೆನಪಿರಲಿ.) ಮಠದಲ್ಲಿ ಹುಡುಕಿದರೆ ಗೋಡೆಗಳ ಮೇಲೆ ಬರೆದ ಶಿಲುಬೆಗಳು, ಸುತ್ತ ಇವೇ ಅಕ್ಷರಗಳು! ಓದಬಲ್ಲವರು ಒಬ್ಬರೂ ಇಲ್ಲ. ಕೊನೆಗೆ ಮಠದ ಗ್ರಂಥಾಲಯದಲ್ಲೇ 1415ರ ಹಸ್ತಪ್ರತಿಯೊಂದು ಸಿಕ್ಕಿತು. ಬೆನೆಡಿಕ್ಟರ ಚಿತ್ರದ ಜೊತೆ ಸಾಲುಗಳು ಪೂರ್ತಿ ಬರೆದಿದ್ದವು. ಆಮೇಲೆಯೇ ಈ ಪದಕ ಯುರೋಪಿನಾದ್ಯಂತ ಹರಡಿದ್ದು. ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ 1741-42ರಲ್ಲಿ ಇದಕ್ಕೆ ಮನ್ನಣೆ ಕೊಟ್ಟರು.

ಇನ್ನು ತಪ್ಪು ಹೆಚ್ಚಾಗುವ ಜಾಗ. ಸಂತರ ಪಾದದ ಕೆಳಗೆ ಮೊಂತೆ ಕಸಿನೋದ ಹೆಸರಿನ ಜೊತೆ ರೋಮನ್ ಅಂಕೆಗಳಲ್ಲಿ 1880 ಅಂತಿರುತ್ತದೆ. ನೋಡಿದೊಡನೆ "1880ರ ಪದಕ" ಅಂತ ಬರೆದುಬಿಡುತ್ತಾರೆ, ಮಾರುವವರು ಬೆಲೆಯನ್ನೂ ಏರಿಸುತ್ತಾರೆ. ಅದು ಬೆನೆಡಿಕ್ಟರು ಹುಟ್ಟಿ 1400 ವರ್ಷ ತುಂಬಿದ ನೆನಪಿಗೆ ಮಾಡಿದ ವಿನ್ಯಾಸದ ವರ್ಷ. ಅದೇ ವಿನ್ಯಾಸ ಇಂದಿಗೂ ಅಚ್ಚಾಗುತ್ತಿದೆ, ವರ್ಷವೂ ಹಾಗೇ ಉಳಿದಿದೆ. ಹಾಗಾಗಿ ಪದಕ 1880ಕ್ಕಿಂತ ಹಿಂದಿನದಲ್ಲ ಅಂತಷ್ಟೇ ಹೇಳಬಹುದು. ತಲಕಾಡು ಗಂಗರ ತಾಮ್ರಪಟಗಳಲ್ಲಿರುವ ತೇದಿಯನ್ನು ಫ್ಲೀಟ್ ಲಿಪಿಯಿಂದ ಪರೀಕ್ಷಿಸಿ ಹಲವನ್ನು ಕೂಟಶಾಸನವೆಂದರಲ್ಲ, ಇಲ್ಲಿ ಕೂಟವೇನೂ ಇಲ್ಲ, ಆದರೆ ತೇದಿಯನ್ನು ಬೇರೆ ಸಾಕ್ಷ್ಯದಿಂದ ತೂಗುವ ಕೆಲಸ ಅದೇ.

ಆ ಸಾಕ್ಷ್ಯ ಎಲ್ಲಿದೆ? ಹಿಂಬದಿಯ ನೆತ್ತಿ ನೋಡಿ. ಅಲ್ಲಿ ಶಾಂತಿ ಅನ್ನುವ ಅರ್ಥದ ಪಾಕ್ಸ್ ಇದ್ದರೆ 1880ರ ವಿನ್ಯಾಸ. ಯೇಸುವಿನ ಹೆಸರಿನ ಐ ಎಚ್ ಎಸ್ ಇದ್ದು, 1880 ಎಲ್ಲೂ ಇಲ್ಲದಿದ್ದರೆ ಹಳೇ ಮಾದರಿ, ಹೆಚ್ಚಾಗಿ ಮೊಟ್ಟೆಯಾಕಾರದ್ದು. ಹಳೇ ಮಾದರಿಯನ್ನೂ ಆಮೇಲೆ ನಕಲು ಮಾಡಿರಬಹುದು, ಆದ್ದರಿಂದ ಲೋಹವನ್ನೂ ನೋಡಬೇಕು. ಹಗುರವಾದ ಅಲ್ಯೂಮಿನಿಯಂ ಅಗ್ಗವಾದದ್ದು 1886ರ ನಂತರ. ಬಳೆಯ ಬುಡದಲ್ಲಿ ಇಂಗ್ಲಿಷಿನಲ್ಲಿ ಇಟಲಿ ಅಂತ ಸಣ್ಣಗೆ ಒತ್ತಿದ್ದರೆ ಅದು ರಫ್ತಿಗೆ ಮಾಡಿದ್ದು. ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಕಾನೂನು ಮಾಡಿದ್ದು 1890ರಲ್ಲಿ.

ಈ ಸಣ್ಣ ಅಕ್ಷರಗಳೇ ಮೊದಲು ಸವೆಯುವುದು. ಹಾಗಾಗಿ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಎರಡೂ ಬದಿ ಮತ್ತು ಬಳೆಯ ಬುಡದ ಫೋಟೋ ತೆಗೆದುಕೊಳ್ಳಿ.