ಮದ್ದು ಕಡಿಮೆ ಆದ್ರೆ ಕೋವಿ ಸೇಫಾ?

ನವೆಂಬರ್ ಬಂದರೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 9 ದಿನ ಕೋವಿ ಹಿಡಿದು ಜಿಂಕೆ ಬೇಟೆ. ಕೆಲಸಕ್ಕೆಂದು ಇಲ್ಲಿಗೆ ಬಂದ ನನಗೆ ಕೋವಿ ಹೊಸದಲ್ಲ. ನಾನು ಕೊಡಗಿನವನು, ಕೈಲ್ ಪೊಳ್ದ್‌ಗೆ ಅದನ್ನು ಪೂಜೆ ಮಾಡ್ತೇವೆ. ಆದರೆ ಜನ ಗ್ಯಾರೇಜಿನಲ್ಲಿ ಕೂತು ತೋಟಾಕ್ಕೆ ತಾವೇ ಮದ್ದು ತುಂಬೋದನ್ನು ನೋಡಿದ್ದು ಇಲ್ಲೇ.

ಪಕ್ಕದ ಮನೆಯವರ 13 ವರ್ಷದ ಮಗಳು ಥರ್ಟಿ ಆಟ್ ಸಿಕ್ಸ್ ರೈಫಲ್ ಹಿಡಿದರೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾಳೆ. ಭುಜಕ್ಕೆ ಬೀಳೋ ಒದೆ ಅಷ್ಟು ಜೋರು. ವಿಷಯ ಬರೀ ಅವಳ ನೋವಿನದಲ್ಲ. ಗುರಿ ಒಂದು ಗೇಣು ತಪ್ಪಿದರೆ ಜಿಂಕೆ ಗಾಯಗೊಂಡು ಓಡುತ್ತೆ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ.

ಮದ್ದು ಕಡಿಮೆ ಹಾಕಿದರಾಯ್ತಲ್ಲ ಅಂತೀರಾ? ಇಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ಸಿಕ್ಕಾಪಟ್ಟೆ ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳೋದಿಲ್ಲ. ಗುಂಡು ನಳಿಗೆಯಲ್ಲೇ ಸಿಕ್ಕಿಬೀಳಬಹುದು. ಕೆಲವೊಮ್ಮೆ ಒತ್ತಡ ದಿಢೀರನೆ ಏರಿ ಕೋವಿಯೇ ಸಿಡಿಯಬಹುದು. ಲೋಡ್ ಇಳಿಸಿದರೆ ರಿಸ್ಕ್ ಇಳಿಯುತ್ತೆ ಅಂತ ನಂಬಿರೋ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದು ವಿಚಿತ್ರವೇ.

ಅದಕ್ಕೇ ಹಾಜ್‌ಡನ್ ಕಂಪನಿ ತನ್ನ ಎಚ್4895 ಮದ್ದಿಗೆ ಗಡಿ ಹಾಕಿದೆ: ಆ ತೋಟಾಕ್ಕೆ ಕೈಪಿಡಿ ಹೇಳುವ ಗರಿಷ್ಠ ತೂಕದ ಶೇ. 60ಕ್ಕಿಂತ ಕೆಳಗೆ ಇಳಿಯಬೇಡಿ. ಈ ಲೆಕ್ಕವನ್ನು ಬೇರೆ ಮದ್ದಿಗೆ ಹಚ್ಚುವಂತಿಲ್ಲ. ನೆರೆಯವರು ಪ್ರತಿ ತೋಟಾದ ಮದ್ದನ್ನೂ ಅಕ್ಕಸಾಲಿಗನ ಹಾಗೆ ತೂಗುತ್ತಾರೆ.

ಒದೆಯೇನೋ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಗುಂಡಿನ ವೇಗವೂ ಇಳಿದಿರೋದರಿಂದ ಸ್ಕೋಪನ್ನು ಮತ್ತೆ ಹೊಂದಿಸಿದ್ದಾರೆ. ಜಿಂಕೆ 100 ಗಜದೊಳಗೆ ಬರದಿದ್ದರೆ ಟ್ರಿಗರ್ ಮುಟ್ಟಬಾರದು ಅಂತ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ.